ದಾವಣಗೆರೆಯಲ್ಲಿ ಕೂತು ಹಾರ್ಮುಜ್ ಕಾದಿದ್ದು: ನನ್ನ ಅನುಭವ

ವಿದೇಶಿ ಸುದ್ದಿ ನೋಡಿ ಹೇಳೋಕೆ ದಾವಣಗೆರೆಯಲ್ಲೊಂದು ಆಫೀಸು ಅಂದಾಗ ನಕ್ಕವರೇ ಜಾಸ್ತಿ. "ಡೆಲ್ಲಿಯಲ್ಲಿ ಕೂತವರಿಗೇ ಕಷ್ಟ, ನೀನು ಬೆಣ್ಣೆದೋಸೆ ತಿನ್ಕೊಂಡು ಟೆಹರಾನ್ ನೋಡ್ತೀಯಾ?" ಅಂತ ಬೆಂಗಳೂರಿನ ಗೆಳೆಯನೊಬ್ಬ ಕೇಳಿದ್ದ. ಈಗ ಅವನೇ ಫೋನ್ ಮಾಡಿ ವಿಚಾರಿಸ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ. ಹಾರ್ಮುಜ್ ಅಂದರೆ ಇರಾನ್ ಪಕ್ಕದ ಇಕ್ಕಟ್ಟಾದ ಸಮುದ್ರದ ದಾರಿ, ಗಲ್ಫ್‌ನ ತೈಲದ ಹಡಗುಗಳು ಹೊರಗೆ ಬರೋದು ಅದರಲ್ಲೇ.

ಪಿ.ಜೆ. ಬಡಾವಣೆಯಲ್ಲಿ ಅಂಗಡಿ ಮೇಲಿನ ಎರಡು ರೂಮು, ಬಾಡಿಗೆ ಒಂಬತ್ತು ಸಾವಿರದ ಆಸುಪಾಸು. ನನ್ನ ಗಿರಾಕಿಗಳು ಪತ್ರಿಕೆಯವರಲ್ಲ. ಗೊಬ್ಬರದ ಡೀಲರುಗಳು, ಚಳ್ಳಕೆರೆಯ ಅಡುಗೆ ಎಣ್ಣೆ ವ್ಯಾಪಾರಿಗಳು, ಗಲ್ಫ್‌ಗೆ ಟಿಕೆಟ್ ಮಾಡುವ ಏಜೆಂಟರು. ಯುದ್ಧ ಅಂದ ತಕ್ಷಣ ಇವರ ದುಡ್ಡು ಹೋಗೋದು ಬಾಂಬಿನಿಂದಲ್ಲ, ಗಾಳಿಮಾತಿನಿಂದ.

ಮೊದಲು ಹೋದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಸೆಕೆಂಡ್‌ಹ್ಯಾಂಡ್ ಟಿವಿ ನಾಲ್ಕು, ಡಿಶ್ಶು, ಗೋಡೆಗೆ ಸ್ಟ್ಯಾಂಡು, ಎಲ್ಲ ಸೇರಿ ಅರವತ್ತು ಸಾವಿರ. ನೋಡೋಕೆ ಚೆನ್ನಾಗಿತ್ತು, ಬಂದವರು ಫೋಟೋ ತೆಗೆದುಕೊಂಡರು. ಆದರೆ ನಾಲ್ಕೂ ಟಿವಿಯಲ್ಲಿ ಬರುತ್ತಿದ್ದದ್ದು ಒಂದೇ ಏಜೆನ್ಸಿಯ ಸುದ್ದಿ. ಆಮೇಲೆ ಡಾಲರ್ ಲೆಕ್ಕದಲ್ಲಿ ತಿಂಗಳ ಬಾಡಿಗೆಗೆ ಒಂದು ಸಾಫ್ಟ್‌ವೇರ್ ತಗೊಂಡೆವು, ಇರಾನ್ ಅನ್ನೋ ಪದ ಕಂಡರೆ ಸಾಕು ಕೂಗೋದು, ಕುಸ್ತಿ ಪಂದ್ಯಕ್ಕೂ ಕೂಗೋದು. ಬಂದದ್ದನ್ನೆಲ್ಲ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು. "ಏನ್ ಸ್ವಾಮಿ, ನಿಮ್ಮ ಗ್ರೂಪು ಗುಡ್‌ಮಾರ್ನಿಂಗ್ ಗ್ರೂಪಿಗಿಂತ ಕಡೆ ಆಯ್ತಲ್ಲ" ಅಂದರು ಒಬ್ಬ ಸಾಹುಕಾರರು. ಅರ್ಧ ಜನ ಮ್ಯೂಟ್ ಮಾಡಿದ್ದರು, ಇನ್ನರ್ಧ ಜನ ದುಡ್ಡು ಕೊಡೋದು ನಿಲ್ಲಿಸಿದರು. ಹೀಗೆ ನಾಲ್ಕು ಲಕ್ಷದ ಹತ್ತಿರ ಕರಗಿತು, ಅದರಲ್ಲಿ ಒಂದೂವರೆ ಚಿಕ್ಕಪ್ಪನ ಹತ್ತಿರ ಕೈಗಡ ತಂದದ್ದು.

ಕೆಲಸಕ್ಕೆ ಬಂದದ್ದು ಕೊನೆಗೆ ಕಿರ್ದಿ ಪುಸ್ತಕ. ಮಂಡಿಯಲ್ಲಿ ಬರೆಯೋದು ಅದೇ ಉದ್ದನೆಯದು, ಕೆಂಪು ಬಟ್ಟೆಯ ಬೈಂಡು. ಒಂದು ಸುದ್ದಿಗೆ ಒಂದು ಸಾಲು, ಸಾಲಿಗೆ ನಾಲ್ಕು ಮನೆ, ಅಂದರೆ ಕಾಲಂ. ಮೊದಲು ಹೇಳಿದ್ದು ಯಾರು, ಉಳಿದವರು ಯಾರಿಂದ ಎತ್ತಿಕೊಂಡರು, ನಮ್ಮ ಗಂಟೆ ಎಷ್ಟು, ಹೇಳಿದವರ ಕೈಯಲ್ಲಿ ಅದನ್ನು ಮಾಡೋ ಅಧಿಕಾರ ಇದೆಯಾ. ಕೊನೆಯ ಮನೆ ತುಂಬದೆ ಒಂದು ಮೆಸೇಜೂ ಹೊರಗೆ ಹೋಗಲ್ಲ. ಗಂಟೆಯ ಮನೆ ಸುಮ್ನೆ ಹಾಕಿದ್ದಲ್ಲ: ಪಾಕಿಸ್ತಾನ ನಮಗಿಂತ ಅರ್ಧ ಗಂಟೆ ಹಿಂದೆ, ಇರಾನ್ ಎರಡು, ಕತಾರ್ ಎರಡೂವರೆ. ಇದನ್ನು ಸರಿ ಮಾಡಿಕೊಳ್ಳದೆ ಇದ್ದರೆ ಹಳೇ ದಾಳಿಯೇ ಹೊಸ ದಾಳಿ ಆಗಿ ಬರುತ್ತೆ.

ಜನ ಮೂವರು. ರಿಟೈರ್ ಆದ ಉರ್ದು ಮೇಷ್ಟ್ರು, ಹತ್ತು ವರ್ಷದ ಮೇಲೆ ಸೌದಿಯ ದಮ್ಮಾಮ್‌ನಲ್ಲಿದ್ದು ಅರಬ್ಬಿ ಕಿವಿಗೆ ಹತ್ತಿಸಿಕೊಂಡು ಬಂದ ಹುಡುಗ, ಮತ್ತು ಬಿಕಾಂ ಮುಗಿಸಿದ ಹುಡುಗಿ. ಕಿರ್ದಿ ಅವಳದು, ಅವಳು ಒಪ್ಪದಿದ್ದರೆ ನನ್ನ ಮಾತೂ ನಡೆಯಲ್ಲ. ಇಂಥ ಮೇಷ್ಟ್ರು, ಇಂಥ ಹುಡುಗ ದಾವಣಗೆರೆಯಲ್ಲಿ ಸಿಗುವಷ್ಟು ಸುಲಭವಾಗಿ, ಆ ಸಂಬಳಕ್ಕೆ, ಬೆಂಗಳೂರಲ್ಲಿ ಸಿಗಲ್ಲ. ನಕ್ಕವರಿಗೆ ಇದು ಗೊತ್ತಿರಲಿಲ್ಲ.

2025ರ ಮೇನಲ್ಲಿ ಮೊದಲ ಪರೀಕ್ಷೆ, ಭಾರತ-ಪಾಕಿಸ್ತಾನದ ಸಂಘರ್ಷ. ಏಪ್ರಿಲ್ ಕೊನೆಗೇ ಪಾಕಿಸ್ತಾನದ 16 ಯೂಟ್ಯೂಬ್ ಚಾನೆಲ್‌ಗಳನ್ನು ಇಲ್ಲಿ ಬಂದ್ ಮಾಡಿದ್ದರು, ಅಂದರೆ ನಮ್ಮ ಒಂದು ಕಿಟಕಿ ಮುಚ್ಚಿತ್ತು. ಮೇ 8ರ ರಾತ್ರಿ ಕರಾಚಿ ಬಂದರು ಹೊತ್ತಿ ಉರೀತಿದೆ ಅಂತ ನಮ್ಮ ಟಿವಿಗಳಲ್ಲೇ ಕೂಗಾಟ. ಕಿರ್ದಿಯಲ್ಲಿ 'ಮೊದಲು ಹೇಳಿದ್ದು ಯಾರು' ಅನ್ನೋ ಮನೆ ಖಾಲಿ. ಎಲ್ಲರೂ ಇನ್ನೊಬ್ಬರನ್ನು ತೋರಿಸುತ್ತಿದ್ದರು. ಕರಾಚಿಯದು ಅಂತ ಓಡಾಡಿದ ಒಂದು ವಿಡಿಯೋ ಜನವರಿ 31ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿದ್ದ ವಿಮಾನದ್ದು. ನಾವು ಕಳಿಸಿದ್ದು ಒಂದೇ ಸಾಲು: "ಕರಾಚಿ: ಮೂಲ ಇಲ್ಲ, ಕಾಯಿರಿ." ಆ ರಾತ್ರಿ ನನ್ನನ್ನು ಬೈದವರು ಎಷ್ಟೋ ಜನ.

ಜೂನ್‌ನಲ್ಲಿ ಬೈಗುಳ ನಿಂತಿತು. ಇಸ್ರೇಲ್-ಇರಾನ್ ಯುದ್ಧ ನಡೀತಿತ್ತು. 22ನೇ ತಾರೀಖು ಭಾನುವಾರ, ಅಮೆರಿಕ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿತ್ತು. ಸಂಜೆ ಹೊತ್ತಿಗೆ "ಹಾರ್ಮುಜ್ ಮುಚ್ಚಿತು" ಅಂತ ಎಲ್ಲ ಕಡೆ. ನಮ್ಮ ಸಾಲಿನಲ್ಲಿ ಬಂದದ್ದು ಬೇರೆ. ಸುದ್ದಿ ಪ್ರೆಸ್ ಟಿವಿಯದು, ಅಂದರೆ ಸರ್ಕಾರಿ ಚಾನೆಲ್‌ನದು, ಸುಳ್ಳಲ್ಲ. ಆದರೆ ಒಪ್ಪಿದ್ದು ಇರಾನಿನ ಸಂಸತ್ತು. ಮುಚ್ಚೋ ತೀರ್ಮಾನ ಅವರ ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯದು. ಕೊನೆಯ ಮನೆಯಲ್ಲಿ ಹುಡುಗಿ 'ಇಲ್ಲ' ಅಂತ ಬರೆದಳು.

ಚಳ್ಳಕೆರೆಯಿಂದ ಫೋನು: "ಮುಚ್ತಂತಲ್ಲಪ್ಪ, ಎಣ್ಣೆ ತುಂಬಿಸಿಕೊಳ್ಳಲಾ?" ನಾನಂದೆ, "ಯಜಮಾನ್ರೇ, ಮುಚ್ಚಿಲ್ಲ. ಇನ್ನೊಂದು, ನಿಮ್ಮ ಎಣ್ಣೆ ಆ ದಾರೀಲಿ ಬರೋದೇ ಇಲ್ಲ." ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಕಪ್ಪು ಸಮುದ್ರದ ಕಡೆಯಿಂದ. ಕಚ್ಚಾತೈಲ ಏರಿದರೆ ಪಾಮ್ ಕೂಡ ಅದರ ಹಿಂದೆ ಏರುತ್ತೆ, ಅದು ನಿಜ, ಆದರೆ ಅದು ಬೇರೆ ಭಯ. ಅವರು ಕಾದರು. ಬ್ರೆಂಟ್, ಅಂದರೆ ಹೊರದೇಶದ ಕಚ್ಚಾತೈಲದ ರೇಟು, ಸೋಮವಾರ ಬೆಳಗ್ಗೆ ಬ್ಯಾರೆಲ್‌ಗೆ 80 ಡಾಲರ್ ದಾಟಿ, ಮಂಗಳವಾರ ಕದನವಿರಾಮ ಅಂದಮೇಲೆ 70ರ ಕೆಳಗೆ ಬಂತು. ಎರಡು ಲಕ್ಷದ ಹತ್ತಿರ ಉಳೀತು ಅಂತ ಅವರೇ ಹೇಳಿದ್ದು, ನಾನು ಲೆಕ್ಕ ಕೇಳಿಲ್ಲ.

ಆ ಸೋಮವಾರ ರಾತ್ರಿ ಕತಾರ್. ಅಲ್ಲಿನ ಅಮೆರಿಕ ಸೇನೆಯ ಅಲ್ ಉದೈದ್ ನೆಲೆ ಮೇಲೆ ಇರಾನಿನ ಕ್ಷಿಪಣಿ ಬಿದ್ದದ್ದು ಎಲ್ಲರೂ ಹೇಳಿದರು. ನಮ್ಮ ಟಿಕೆಟ್ ಏಜೆಂಟರಿಗೆ ಅದಕ್ಕೂ ಮೊದಲೇ ಮೆಸೇಜ್ ಹೋಗಿತ್ತು. ಯಾಕಂದರೆ ದೋಹಾದ ಅಮೆರಿಕ ರಾಯಭಾರ ಕಚೇರಿ ತನ್ನವರಿಗೆ ಇದ್ದಲ್ಲೇ ಇರಿ ಅಂದಿತ್ತು, ಆಮೇಲೆ ಕತಾರ್ ತನ್ನ ವಾಯುಮಾರ್ಗ ಮುಚ್ಚಿತು, ಆಮೇಲೆ ಕ್ಷಿಪಣಿ. ಭಾಷಣ ಬಿಟ್ಟು ನೋಟಿಸ್ ಓದಿ ಅಂತ ನಾನು ಹೇಳೋದು ಅದಕ್ಕೇ. ಯಾವ ಯಾವ ನೋಟಿಸ್ ಪುಟ ಎಷ್ಟು ಗಂಟೆಗೆ ತೆಗೀತೀವಿ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಗೊಬ್ಬರದವರಿಗೆ ಕೆಟ್ಟ ಸುದ್ದಿಯನ್ನೂ ಸರಿಯಾಗೇ ಕೊಟ್ಟಿದ್ದೆವು. ಯುದ್ಧ ಶುರುವಾದ ಜೂನ್ 13ರಂದು ಇಸ್ರೇಲಿನ ಗ್ಯಾಸ್ ನಿಂತು, ಅದರಿಂದ ನಡೆಯೋ ಈಜಿಪ್ಟಿನ ಯೂರಿಯಾ ಕಾರ್ಖಾನೆಗಳು ನಿಂತವು, ಇರಾನಿನವೂ ನಿಂತವು. ಇಲ್ಲಿ ಆಗ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ಸರ್ಕಾರ ಕಟ್ಟಿದ ರೇಟು, ಅದು ಏರಲ್ಲ. ಮಾಲು ಬರೋದು ತಡ ಆಗುತ್ತೆ ಅಂತ ಬರೆದೆವು. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಹಾಕೋ ಹೊತ್ತಿಗೆ ಕ್ಯೂ ಹೇಗಿತ್ತು ಅಂತ ಈ ಕಡೆಯವರಿಗೆ ಹೇಳಬೇಕಾ?

ನಡುವೆ ಹುಚ್ಚಾಟಗಳೂ ನಡೆದವು. ತಾರಸಿ ಮೇಲೆ ತಂತಿ ಎಳೆದು ಶಾರ್ಟ್‌ವೇವ್ ರೇಡಿಯೋ ಕೇಳಿದೆವು. ಮೂರು ಸಾವಿರ ಖರ್ಚು, ಕೇಳಿದ್ದು ಪೂರ್ತಿ ಚೀನಾ ರೇಡಿಯೋ ಮತ್ತು ನಮ್ಮದೇ ಯುಪಿಎಸ್ ಬ್ಯಾಟರಿಯ ಗುಂಯ್. ಮೇಷ್ಟ್ರಿಗೆ ಮಾತ್ರ ಅದೇ ಇಷ್ಟ, ಈಗಲೂ ಸಂಜೆ ಹಚ್ಚಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂರುತ್ತಾರೆ. ಹಡಗುಗಳ ನಕ್ಷೆ ನೋಡೋದೂ ಶುರು ಮಾಡಿದೆವು. ಜೂನ್‌ನಲ್ಲಿ ಹಾರ್ಮುಜ್ ಹತ್ತಿರ ಜಿಪಿಎಸ್ ಕೆಡಿಸಿದ್ದರಿಂದ ಹಡಗುಗಳು ಮರಳುಗಾಡಿನ ಮೇಲೆ ನಿಂತಂತೆ ಕಾಣುತ್ತಿದ್ದವು, ದಮ್ಮಾಮ್ ಹುಡುಗ ಬಿದ್ದು ಬಿದ್ದು ನಕ್ಕ. ನಕ್ಷೆಯನ್ನು ನಂಬಿ ಮೆಸೇಜ್ ಕಳಿಸೋದು ಬೇಡ ಅಂತ ಅವತ್ತೇ ತೀರ್ಮಾನ ಆಯ್ತು, ನೋಡೋದಂತೂ ಬಿಟ್ಟಿಲ್ಲ.

ಈಗ ನಲವತ್ತು ಚಿಲ್ಲರೆ ಗಿರಾಕಿಗಳು, ತಿಂಗಳಿಗೆ ಒಂದೂವರೆ ಸಾವಿರ. ದಿನಕ್ಕೆ ಮೂರು ಮೆಸೇಜ್ ದಾಟಲ್ಲ, ಏನೂ ಇಲ್ಲದ ದಿನ "ಏನೂ ಇಲ್ಲ" ಅಂತ ಒಂದೇ. ಸಂಬಳ, ಬಾಡಿಗೆ, ಎರಡು ಕಂಪನಿಯ ಇಂಟರ್‌ನೆಟ್, ಬ್ಯಾಟರಿ ಕಳೆದು ಕೈಗೆ ಹತ್ತು ಸಾವಿರ ಉಳಿದರೆ ಹೆಚ್ಚು. ಚಿಕ್ಕಪ್ಪನ ಸಾಲದಲ್ಲಿ ಇನ್ನೂ ನಲವತ್ತು ಸಾವಿರ ಬಾಕಿ ಇದೆ. ನಾಲ್ಕು ಟಿವಿಯಲ್ಲಿ ಮೂರನ್ನು ಮಾರಿದೆ, ಉಳಿದ ಒಂದು ಕೆಳಗಿನ ಅಂಗಡಿಯವರ ಹತ್ತಿರ ಇದೆ, ಕ್ರಿಕೆಟ್ ನೋಡ್ತಾರೆ.