ಬೆಕ್ಕಿಗೆ ಅದರದೇ ಒಂದು ಕಂಬ ಮಾಡಿಕೊಡಿ, ಸೋಫಾ ಉಳಿಯುತ್ತದೆ

ಬೆಕ್ಕಿಗೆ ಹೊಡೆಯಬೇಡಿ, ಮೊದಲು ಅದನ್ನು ಹೇಳಿಬಿಡುತ್ತೇನೆ. ಸೋಫಾ ಕಿತ್ತುಹಾಕಿತು ಅಂತ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ದೂರ ಬಿಟ್ಟು ಬರುವವರನ್ನು ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ಮೊದಲು ಮಲೆನಾಡಿನ ಮನೆಯಲ್ಲಿ, ಆಮೇಲೆ ಮಗನ ಜೊತೆ ಬೆಂಗಳೂರಿನ ಫ್ಲ್ಯಾಟಿನಲ್ಲಿ, ಎಲ್ಲಾ ಸೇರಿ 40 ವರ್ಷಕ್ಕೂ ಜಾಸ್ತಿ ಬೆಕ್ಕು ಸಾಕಿದ್ದೇನೆ. ಸೋಫಾನೂ ಉಳಿಯುತ್ತದೆ, ಬೆಕ್ಕೂ ಮನೆಯಲ್ಲೇ ಇರುತ್ತದೆ.

ಹಳ್ಳಿಮನೆಯಲ್ಲಿ ಈ ತಾಪತ್ರಯವೇ ಇರಲಿಲ್ಲ. ಹಿತ್ತಲಲ್ಲಿ ಹಲಸಿನ ಮರ, ಕೊಟ್ಟಿಗೆಯ ಕಂಬ, ಅಟ್ಟದಲ್ಲಿ ಗೋಣಿಚೀಲ, ಬೆಕ್ಕು ಬೇಕಾದಲ್ಲಿ ಉಗುರು ಮಸೆದುಕೊಳ್ಳುತ್ತಿತ್ತು. ಫ್ಲ್ಯಾಟಿನಲ್ಲಿ ಗೋಡೆ ನುಣ್ಣಗೆ, ನೆಲ ನುಣ್ಣಗೆ. ಉಗುರು ನಾಟುವ ಜಾಗ ಅಂತ ಇರೋದು ಸೋಫಾ ಒಂದೇ. ನಮ್ಮ ಯಜಮಾನರ ಬೆತ್ತದ ಕುರ್ಚಿಯ ಒಂದು ಕಾಲು ಪೂರ್ತಿ ಬಿಚ್ಚಿಕೊಂಡ ಮೇಲೆ ನನಗೆ ಇದು ಹೊಳೆಯಿತು.

ಮಸೆಯೋದು ಅಂತ ಹೇಳುತ್ತೇವೆ, ಆದರೆ ಅದು ಚಾಕು ಮಸೆದ ಹಾಗಲ್ಲ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ, ಕೆರೆದಾಗ ಹೊರಗಿನ ಹಳೆ ಸಿಪ್ಪೆ ಕಳಚಿ ಒಳಗಿನ ಚೂಪು ಉಗುರು ಹೊರಗೆ ಬರುತ್ತದೆ. ಕಸ ಗುಡಿಸುವಾಗ ಸೋಫಾ ಕೆಳಗೆ ಉಗುರಿನ ಆಕಾರದ ಸಣ್ಣ ಸಿಪ್ಪೆ ಸಿಕ್ಕರೆ ಗಾಬರಿ ಬೇಡ, ಅದು ಇದೇ. ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳೂ ಇವೆ. ಕೆರೆದ ಜಾಗಕ್ಕೆ ತನ್ನ ವಾಸನೆ ಹಚ್ಚಿ, ಇದು ನನ್ನ ಜಾಗ ಅಂತ ಗುರುತು ಹಾಕುತ್ತದೆ. ಜೊತೆಗೆ ನಿದ್ದೆಯಿಂದ ಎದ್ದ ಕೂಡಲೇ ಮೈ ಮುರಿಯಬೇಕು, ಅದಕ್ಕೆ ಮುಂಗಾಲು ಊರಿ ಎಳೆಯಲು ಏನಾದರೂ ಗಟ್ಟಿಯಾದ್ದು ಬೇಕು. ಇದನ್ನು ಯಾವ ಬೆಕ್ಕಿಗೂ ಬಿಡಿಸಲು ಆಗೋದಿಲ್ಲ. ಎಲ್ಲಿ ಕೆರೆಯಬೇಕು ಅನ್ನೋದನ್ನು ಮಾತ್ರ ಕಲಿಸಬಹುದು.

ಹಾಗಾಗಿ ಒಂದು ಕಂಬ ಮಾಡಿಕೊಡಿ. ಅಂಗಡಿಯಲ್ಲಿ ಸಿಗುವ ಕಂಬಗಳು ಎಷ್ಟೋ ಸಲ ಗಿಡ್ಡ, ಹಗುರ. ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರ ಬೇಕು, ಅಂದರೆ ಹತ್ತಿರ ಹತ್ತಿರ 3 ಅಡಿ. ಅಲುಗಾಡಲೇಬಾರದು. ಒಂದು ಸಲ ಕಂಬ ವಾಲಿ ಮೈಮೇಲೆ ಬಿದ್ದರೆ ಆ ಬೆಕ್ಕು ಮತ್ತೆ ಅದರ ಹತ್ತಿರ ಹೋಗೋದು ಕಷ್ಟ. ಒಂದೂವರೆ ಅಡಿ ಚೌಕದ ದಪ್ಪ ಹಲಗೆಗೆ 4 ಇಂಚು ದಪ್ಪದ ಮರದ ಕಂಬವನ್ನು ಅಡಿಯಿಂದ ಸ್ಕ್ರೂ ಹಾಕಿಸಿ ಕೂರಿಸಿ. ಅದಕ್ಕೆ ಕತ್ತಾಳೆ ಹಗ್ಗ ಸುತ್ತಬೇಕು. ದುಡ್ಡು ಕೊಟ್ಟು ತರುವ ಕಂಬಗಳಲ್ಲಿ ಸೈಸಲ್ ಅಂತ ಬರೆದಿರುತ್ತದಲ್ಲ, ಅದು ಇದೇ ಕತ್ತಾಳೆ ನಾರು. ಸಿಗದಿದ್ದರೆ ತೆಂಗಿನ ನಾರಿನ ಹಗ್ಗವೂ ಆಗುತ್ತದೆ. ನೈಲಾನ್ ಬೇಡ, ಅದರಲ್ಲಿ ಉಗುರು ಜಾರುತ್ತದೆ. ಹಗ್ಗ ಎಷ್ಟು ಬೇಕು ಅನ್ನೋದರಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಮೊದಲ ಸಲ 15 ಮೀಟರ್ ತಂದು ಅರ್ಧ ಕಂಬಕ್ಕೂ ಸಾಲದೆ ಮತ್ತೆ ಅಂಗಡಿಗೆ ಹೋದೆ. ಈ ಅಳತೆಯ ಕಂಬಕ್ಕೆ 8 ಮಿಲಿಮೀಟರ್ ದಪ್ಪದ ಹಗ್ಗ ಸುಮಾರು 40 ಮೀಟರ್ ಬೇಕು. ಸುತ್ತು ಸುತ್ತಿಗೂ ಒತ್ತಿ ಒತ್ತಿ ಕೂರಿಸಿ, ಮಧ್ಯೆ ಸಂದು ಬಿಟ್ಟರೆ ಉಗುರು ಸಿಕ್ಕಿಕೊಳ್ಳುತ್ತದೆ.

ಕಂಬ ಎಲ್ಲಿಡಬೇಕು ಅನ್ನೋದು ಕಂಬದಷ್ಟೇ ಮುಖ್ಯ. ನೋಡಲು ಚೆನ್ನಾಗಿಲ್ಲ ಅಂತ ಬಾಲ್ಕನಿಗೋ ಮಂಚದ ಹಿಂದಕ್ಕೋ ತಳ್ಳಿದರೆ ಬೆಕ್ಕು ಅದನ್ನು ಮೂಸಿಯೂ ನೋಡೋದಿಲ್ಲ. ಹಾಳಾಗುತ್ತಿರುವ ಸೋಫಾ ಮೂಲೆಗೆ ತಾಗಿಸಿಯೇ ಇಡಿ. ಕೆಲವು ಬೆಕ್ಕಿಗೆ ನಿಂತು ಕೆರೆಯೋದಕ್ಕಿಂತ ನೆಲದ ಮೇಲೆ ಕೆರೆಯೋದೇ ಇಷ್ಟ, ಜಮಖಾನ ಕೀಳುವ ಬೆಕ್ಕಾದರೆ ಅದಕ್ಕೆ ತೆಂಗಿನ ನಾರಿನ ಕಾಲೊರಸು ಸಾಕು. ಅಭ್ಯಾಸ ಆದ ಮೇಲೆ ದಿನಕ್ಕೆ ಒಂದೆರಡು ಇಂಚಿನಂತೆ ನಿಮಗೆ ಬೇಕಾದ ಕಡೆ ಸರಿಸಬಹುದು, ಆದರೆ ಆತುರ ಪಡಬೇಡಿ.

ಮೊದಮೊದಲು ಆಸೆ ಹುಟ್ಟಿಸಲು ಕುಪ್ಪಿಗಿಡದ ಬೇರು ಬಳಸಿ. ಮಳೆಗಾಲದಲ್ಲಿ ಖಾಲಿ ಸೈಟು, ರಸ್ತೆ ಪಕ್ಕ ಎಲ್ಲಾ ಕಡೆ ಬೆಳೆಯುವ ಕಳೆ ಅದು. ಕಿತ್ತು ಬೇರು ಹೊರಗೆ ಕಂಡರೆ ಸಾಕು, ಬೆಕ್ಕುಗಳು ಬಂದು ಅದರ ಮೇಲೆ ಹೊರಳಾಡುತ್ತವೆ. ಬೇರನ್ನು ತೊಳೆದು ಕಂಬಕ್ಕೆ ಚೆನ್ನಾಗಿ ಉಜ್ಜಿ. ತಿನ್ನಲು ಕೊಡಬೇಡಿ, ವಾಸನೆ ಸಾಕು. ಎಲ್ಲಾ ಬೆಕ್ಕಿಗೂ ಇದು ನಾಟೋದಿಲ್ಲ, ಅಂಥದ್ದಕ್ಕೆ ಕಂಬದ ಹತ್ತಿರ ದಾರ ಆಡಿಸಿ ಕರೆಯಿರಿ. ಕಂಬದಲ್ಲಿ ಉಗುರು ಹಾಕಿದ ಕೂಡಲೇ ಉಪ್ಪು ಹಾಕದೆ ಬೇಯಿಸಿದ ಮೀನಿನ ಚೂರೋ ಅದಕ್ಕಿಷ್ಟವಾದ ಇನ್ನೇನೋ ಕೊಡಿ. ಕೈ ಹಿಡಿದು ಬಲವಂತವಾಗಿ ಕೆರೆಸೋದು ಮಾತ್ರ ಬೇಡ, ಹೆದರುತ್ತದೆ.

ಇದೇ ಹೊತ್ತಿಗೆ ಸೋಫಾವನ್ನು ಅದಕ್ಕೆ ಬೇಡದ ಹಾಗೆ ಮಾಡಬೇಕು. ಕೆರೆದ ಜಾಗವನ್ನು ಸೋಪಿನ ನೀರಲ್ಲಿ ಒರೆಸಿ ಒಣಗಿಸಿ, ಹಳೆ ವಾಸನೆ ಹೋಗಲಿ. ಆಮೇಲೆ ಎರಡೂ ಕಡೆ ಅಂಟುವ ಟೇಪನ್ನು ಆ ಮೂಲೆಗೆ ಅಂಟಿಸಿ, ಅಂಗಾಲಿಗೆ ಅಂಟೋದು ಬೆಕ್ಕಿಗೆ ಸೇರೋದಿಲ್ಲ. ಮೊದಲು ಕಾಣದ ಕಡೆ ಅಂಟಿಸಿ ನೋಡಿ, ಕೆಲವು ಬಟ್ಟೆಯಲ್ಲಿ ಕಲೆ ಉಳಿಯುತ್ತದೆ. ಹೊಸ ಸೋಫಾ ತಗೊಳ್ಳುವವರು ಎಳೆ ಎದ್ದಿರುವ ಸೆಣಬಿನಂಥ ಬಟ್ಟೆ ಬಿಟ್ಟುಬಿಡಿ, ಒತ್ತಾಗಿ ನೇಯ್ದ ನುಣುಪಿನ ಬಟ್ಟೆ ನೋಡಿ. ರೆಕ್ಸಿನ್‌ನಲ್ಲಿ ಒಂದು ತೂತು ಬಿದ್ದರೂ ಅಲ್ಲಿಂದಲೇ ಸೀಳುತ್ತಾ ಹೋಗುತ್ತದೆ.

ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಮುಂದಿನ 10 ಕತ್ತರಿಸಿದರೂ ಸಾಕು. ಊಟ ಮಾಡಿ ತೂಕಡಿಸುವಾಗ ತೊಡೆ ಮೇಲೆ ಹಾಕಿಕೊಂಡು ಅಂಗಾಲನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದಲ್ಲ, ಅದರಲ್ಲಿ ರಕ್ತ, ನರ ಎರಡೂ ಇದೆ. ಅದನ್ನು ಮುಟ್ಟದೆ ಬಿಳಿ ಚೂಪು ತುದಿ ಮಾತ್ರ ತೆಗೆಯಿರಿ. ಮುದಿ ಬೆಕ್ಕಾದರೆ ಇದನ್ನು ಮರೆಯಲೇಬಾರದು, ಅವು ಕೆರೆಯೋದು ಕಡಿಮೆ ಮಾಡುತ್ತವೆ, ಉಗುರು ದಪ್ಪವಾಗಿ ಸುತ್ತಿಕೊಂಡು ಅಂಗಾಲಿಗೇ ಚುಚ್ಚುತ್ತದೆ.

ಕೆಲವರು ಉಗುರನ್ನು ಆಪರೇಷನ್ ಮಾಡಿಸಿ ತೆಗೆಸಬಹುದಾ ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ಅದು ಉಗುರು ತೆಗೆಯೋದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸೋದು. ಹಾಗೇ ಸೋಫಾ ಮೇಲೆ ನೀಲಗಿರಿ ಎಣ್ಣೆ, ಕರ್ಪೂರ, ಫಿನಾಯಿಲ್, ನುಸಿಗುಳಿಗೆ ಯಾವುದೂ ಬಳಸಬೇಡಿ. ಕಾಲಿಗೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ, ಇವೆಲ್ಲಾ ಅದಕ್ಕೆ ವಿಷ. ಖಾರದಪುಡಿಯೂ ಬೇಡ, ಅದೇ ಕಾಲಲ್ಲಿ ಮುಖ ಉಜ್ಜಿಕೊಂಡರೆ ಕಣ್ಣಿನ ಗತಿ ಏನು ಹೇಳಿ.

ವರ್ಷ ಕಳೆದು ಹಗ್ಗ ಹರಿದು ಜೋತಾಡಲು ಶುರುವಾದರೆ ಕಂಬ ಎಸೆಯಬೇಡಿ. ನಮಗೆ ಅದು ಹಳೆ ಸಾಮಾನು, ಬೆಕ್ಕಿಗೆ ತನ್ನ ವಾಸನೆ ಇರುವ ಜಾಗ. ಪೂರ್ತಿ ಹೊಸದು ಮಾಡಿದರೆ ಮತ್ತೆ ಸೋಫಾಕ್ಕೆ ಬರಬಹುದು. ಮೇಲಿನ ಅರ್ಧ ಮಾತ್ರ ಬಿಚ್ಚಿ ಹೊಸ ಹಗ್ಗ ಸುತ್ತಿ, ಕೆಳಗಿನ ಅರ್ಧವನ್ನು ಒಂದೆರಡು ತಿಂಗಳು ಬಿಟ್ಟು ಬದಲಾಯಿಸಿ.