ಬೇಸಿಗೆಯಲ್ಲೂ ಕೆಸುವಿನ ಎಲೆ ಸುಡದಂತೆ ಮಾಡಿದ್ದು

ಹಾಸನದಲ್ಲಿ ನಮ್ಮ ಹಿತ್ತಿಲಿನದು ಕೆಮ್ಮಣ್ಣು. ಮಳೆಗಾಲದಲ್ಲಿ ಕೆಸು ಮೊರದಗಲ ಎಲೆ ಬಿಡುತ್ತಿತ್ತು. ಫೆಬ್ರವರಿ ದಾಟಿದರೆ ಸಾಕು, ಎಲೆಯ ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಮಧ್ಯಾಹ್ನಕ್ಕೆ ದಂಟು ಜೋತು ಬೀಳುತ್ತಿತ್ತು. ಪತ್ರೊಡೆಗೆ ಆಗುವ ಎಲೆ ಒಂದೂ ಸಿಗುತ್ತಿರಲಿಲ್ಲ.

ಬೆಳಿಗ್ಗೆ, ಸಂಜೆ ನೀರು ಹಾಕಿದರೂ ಗೇಣು ಕೆಳಗೆ ಮಣ್ಣು ಒಣಗಿಯೇ ಇರುತ್ತಿತ್ತು. ಯೂರಿಯಾ ಹಾಕಿದಾಗ ಅಂಚು ಇನ್ನೂ ಜಾಸ್ತಿ ಸುಟ್ಟಿತು. ನೆರಳು ಬಲೆ ಕಟ್ಟಿದ್ದಕ್ಕೆ ಬಾಡುವುದು ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಫಿ ಒಣಗಿಸುವ ಹಳೇ ಟಾರ್ಪಾಲು. ಗೆಡ್ಡೆ ಕಿತ್ತಿಟ್ಟು, 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿ ತೆಗೆಯಿರಿ. ತಳಕ್ಕೂ ಪಕ್ಕಕ್ಕೂ ಟಾರ್ಪಾಲು ಹಾಸಿ. ಅದರ ಅಂಚು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರಲಿ, ಜೋರು ಮಳೆಯಲ್ಲಿ ಹೆಚ್ಚಾದ ನೀರು ಪಕ್ಕಕ್ಕೆ ಇಳಿಯುತ್ತದೆ. ತಳದಲ್ಲಿ ಅಡಿಗೊಂದರಂತೆ ಪೆನ್ಸಿಲ್ ದಪ್ಪದ ತೂತು ಹೊಡೆಯಲೇಬೇಕು. ನಮಗೆ ಬೇಕಾದದ್ದು ತೇವ, ಕೊಳೆತ ನೀರಲ್ಲ ಅಲ್ವಾ? ತೂತು ಕಟ್ಟಿಕೊಳ್ಳದಂತೆ ಮೇಲೆ ಒಂದು ಪದರ ಜಲ್ಲಿ. ಆಮೇಲೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹಸಿ ಗೊಬ್ಬರ ಬೇಡ. ಮೊದಲು ನೀರು ಬಿಟ್ಟು ಮಣ್ಣು ಕುಸಿಯಲು ಬಿಡಿ, ಆಮೇಲೆ ಗೆಡ್ಡೆಯನ್ನು 3 ಇಂಚು ಆಳಕ್ಕೆ, 2 ಅಡಿ ಅಂತರದಲ್ಲಿ ನೆಡಿ. ಮೇಲೆ ತರಗೆಲೆ ದಪ್ಪಗೆ ಹೊದಿಸಿ.

ಈಗ ಏಪ್ರಿಲ್‌ನಲ್ಲೂ ಮೂರು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕಾಗುತ್ತಿದೆ. ತರಗೆಲೆ ಸರಿಸಿ ಬೆರಳಿಟ್ಟರೆ ಮಣ್ಣು ಅಂಟಬೇಕು, ಅದೇ ಲೆಕ್ಕ. ಜಾಗ ಉಳಿಯಿತೆಂದು ಅದೇ ಗುಂಡಿಗೆ ಅರಿಶಿನ ಹಾಕಬೇಡಿ, ಅದಕ್ಕೆ ನೀರು ಚೆನ್ನಾಗಿ ಬಸಿಯುವ ಮಣ್ಣೇ ಬೇಕು.