ವಿಚಿತ್ರ ಬಣ್ಣದ ಬಾತು ಕಂಡರೆ ಮೊದಲು ಕೊಕ್ಕು ನೋಡಿ

ಯಾವ ಜಾತಿಗೂ ಸೇರದಂತೆ ಕಾಣುವ ಬಾತು ಸಿಕ್ಕರೆ ಮೈಬಣ್ಣ ಬದಿಗಿಟ್ಟು ಮೊದಲು ಕೊಕ್ಕು, ಆಮೇಲೆ ಬಿಚ್ಚಿದ ರೆಕ್ಕೆ ನೋಡಿ. ಸಂತಾನದ ಕಾಲ ಮುಗಿದ ಮೇಲೆ ಗಂಡುಗಳು ಮೈಗರಿ ಉದುರಿಸಿ ಹೆಣ್ಣಿನಂತೆ ಕಂದಾಗುತ್ತವೆ. ಅರ್ಧ ಬದಲಾದ ಹಕ್ಕಿಯನ್ನೇ ಎಷ್ಟೋ ಜನ ಮಿಶ್ರತಳಿ ಅಂದುಕೊಳ್ಳುತ್ತಾರೆ. ಆದರೆ ಮಲ್ಲಾರ್ಡ್ ಎಂಬ ಕಾಡುಬಾತಿನ ಗಂಡಿನ ಕೊಕ್ಕು ಆಗಲೂ ಹಸಿರು ಬೆರೆತ ಹಳದಿಯೇ. ಹೆಣ್ಣಿನದು ಕಿತ್ತಳೆ, ನಡುವೆ ಕಪ್ಪು ಮಚ್ಚೆ. ರೆಕ್ಕೆಯ ನೀಲಿ ಪಟ್ಟಿ, ಅದರ ಎರಡೂ ಅಂಚಿನ ಬಿಳಿ ಗೆರೆ ಕೂಡ ಹಾಗೇ ಇರುತ್ತವೆ. ಹಾಗಾಗಿ ರೆಕ್ಕೆ ಕೊಡವುವ ಕ್ಷಣಕ್ಕೆ ಕಾದು ಸಾಲಾಗಿ ಫೋಟೋ ತೆಗೆಯಿರಿ, ಆ ಒಂದು ಚಿತ್ರ ಹತ್ತು ಚಿತ್ರಕ್ಕೆ ಸಮ. ಕೊಕ್ಕು ಒಂದು ಜಾತಿಯದು, ರೆಕ್ಕೆ ಇನ್ನೊಂದರದು ಅನ್ನಿಸಿದರೆ ಮಾತ್ರ ಮಿಶ್ರತಳಿಯ ಅನುಮಾನ ಪಡಿ. ಚಮಚದಂತೆ ಅಗಲ ಕೊಕ್ಕಿನ ಶೋವೆಲರ್ ಬಾತಿನ ಗಂಡಿನಲ್ಲಿ ಕೊಕ್ಕಿನ ಬಣ್ಣ ನಂಬಬೇಡಿ, ಗರಿ ಉದುರಿಸುವ ಕಾಲದಲ್ಲಿ ಅದಕ್ಕೂ ಕಿತ್ತಳೆ ಛಾಯೆ ಬರುತ್ತದೆ. ಅಲ್ಲಿ ರೆಕ್ಕೆಯ ಮುಂಭಾಗದ ತಿಳಿನೀಲಿಯೇ ಗುರುತು. ಎಳೆಯ ಹಕ್ಕಿಗಳಲ್ಲಿ, ಕೆಸರು ಮೆತ್ತಿದ ಕೊಕ್ಕಿನಲ್ಲಿ, ಸಂಜೆಯ ಹೊಂಬಿಸಿಲಿನಲ್ಲಿ ಈ ಉಪಾಯ ಕೈಕೊಡುತ್ತದೆ. ಎದೆಯಲ್ಲಿ ಬಿಳಿ ತೇಪೆ, ದಪ್ಪ ಮೈ ಇದ್ದರೆ, ಮನೆಯಲ್ಲಿ ಸಾಕುವ ಬಾತಿನ ರಕ್ತ ಬೆರೆತಿರುವ ಸಾಧ್ಯತೆಯೇ ಹೆಚ್ಚು.